ಸುಗ್ಗಿಯ ತಿಂಗಳಲ್ಲಿ ತುಂಡು ಬೀಳುವುದೇಕೆ?

ಬೆಂಗಳೂರಿನ ವಿಜಯನಗರದಿಂದ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಪತ್ರದ ಮುಖ್ಯ ಭಾಗ ಇಷ್ಟು:

“ಮನೆಯಲ್ಲಿ ಐದು ಜನ. ನಾವಿಬ್ಬರು, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಮಾಗಡಿ ಕಡೆಯ ನಮ್ಮ ಅತ್ತೆ. ನಾನು ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಇಬ್ಬರ ಸಂಬಳ ಸೇರಿ 46,000 ರೂಪಾಯಿ, ಬಾಡಿಗೆ 14,000. ಉಳಿದ ತಿಂಗಳು ಹೇಗೋ ತೂಗಿಸುತ್ತೇನೆ. ಚಳಿಗಾಲ ಬಂತೆಂದರೆ ತಿಂಗಳಿಗೆ ಎರಡು ಮೂರು ಸಾವಿರ ತುಂಡು ಬೀಳುತ್ತದೆ. ಹಾಲನ್ನು ಒಂದೂವರೆ ಲೀಟರಿನಿಂದ ಒಂದಕ್ಕೆ ಇಳಿಸಿದೆ. ಹಣ್ಣು ನಿಲ್ಲಿಸಿದೆ. ಆದರೂ ಗೃಹಜ್ಯೋತಿಯಲ್ಲಿ ಶೂನ್ಯ ಬಿಲ್ ಬರುತ್ತಿದ್ದ ಮನೆಗೆ ಡಿಸೆಂಬರಿನಲ್ಲಿ 1,700 ರೂಪಾಯಿ ದಾಟಿ ಬಂತು. ‘ನಮ್ಮ ಕಾಲದಲ್ಲಿ ಇದು ಸುಗ್ಗಿ ಕಾಲ, ನಿನಗೇಕೆ ಬರ?’ ಎಂದು ಅತ್ತೆ ಕೇಳುತ್ತಾರೆ. ದಯವಿಟ್ಟು ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಬರೆಯಬೇಡಿ. ಅದನ್ನು ಎಲ್ಲರೂ ಹೇಳಿ ಆಗಿದೆ.”

ಬರೆಯುವುದಿಲ್ಲ. ಈ ಚಳಿಗೆ ಕಾಲು ತಾನಾಗಿಯೇ ಮಡಚಿಕೊಳ್ಳುತ್ತದೆ, ನಮ್ಮ ಉಪದೇಶ ಬೇಕಿಲ್ಲ. ನಿಮ್ಮ ಅತ್ತೆಯವರ ಪ್ರಶ್ನೆಯೇ ಸರಿಯಾದ ಪ್ರಶ್ನೆ. ನಮ್ಮ ನಾಡಿನಲ್ಲಿ ಚಳಿಗಾಲ ದುಬಾರಿ ಕಾಲವಲ್ಲ. ಹಿಮ ಬೀಳುವ ದೇಶದವರ ಹಾಗೆ ಮನೆ ಬೆಚ್ಚಗಿಡಲು ದುಡ್ಡು ಸುಡಬೇಕಾಗಿಲ್ಲ. ಬೆಂಗಳೂರಿನ ದಾಖಲೆಯ ಚಳಿ ಎಂದರೆ 1884ರ ಜನವರಿ 13ರ 7.8 ಡಿಗ್ರಿ. ಆ ದಾಖಲೆ ಇಂದಿಗೂ ಮುರಿದಿಲ್ಲ. ಹೊಲ ಕೊಯ್ಲಾಗಿದೆ, ತರಕಾರಿ ಸೊಪ್ಪು ಹೇರಳವಾಗಿದೆ, ಫ್ಯಾನ್ ನಿಂತಿದೆ. ಹಾಗಿದ್ದೂ ತುಂಡು ಬೀಳುತ್ತದೆ ಎಂದರೆ ಹಣ ಎಲ್ಲೋ ಒಂದೆರಡು ಕಡೆ ಸೋರುತ್ತಿದೆ, ನೀವು ಬೇರೆ ಕಡೆ ಬಟ್ಟೆ ತುರುಕುತ್ತಿದ್ದೀರಿ.

ಪತ್ರದ ಜೊತೆ ಏಪ್ರಿಲ್ ಮತ್ತು ಡಿಸೆಂಬರ್ ಬಿಲ್ಲುಗಳ ಪ್ರತಿಯನ್ನೂ ಇಟ್ಟು ಉಪಕಾರ ಮಾಡಿದ್ದೀರಿ. ಏಪ್ರಿಲಿನಲ್ಲಿ 160 ಯೂನಿಟ್, ಡಿಸೆಂಬರಿನಲ್ಲಿ 214. ನಿಮ್ಮ ಮೀಟರಿಗೆ ಗೃಹಜ್ಯೋತಿಯ ಅರ್ಹತೆ 165. ಈ ಯೋಜನೆ 2023ರ ಜುಲೈ ತಿಂಗಳ ಬಳಕೆಯಿಂದ ಜಾರಿಗೆ ಬಂದಾಗ 2022-23ರ ಸರಾಸರಿ ಬಳಕೆಗೆ ಶೇ 10 ಸೇರಿಸಿ ಪ್ರತಿ ಮನೆಗೂ ಒಂದು ಮಿತಿ ಗೊತ್ತುಮಾಡಿದರು. ಆ ಮಿತಿಯೊಳಗಿದ್ದರೆ ಶೂನ್ಯ ಬಿಲ್. ಮಿತಿ ದಾಟಿ 200ರೊಳಗೆ ನಿಂತರೆ ಹೆಚ್ಚಾದ ಯೂನಿಟ್ಟಿಗೆ ಮಾತ್ರ ದುಡ್ಡು. 200 ದಾಟಿದಿರೋ, ಆ ತಿಂಗಳ ರಿಯಾಯಿತಿ ಪೂರ್ತಿ ಹೋಯಿತು, ಮೊದಲ ಯೂನಿಟ್ಟಿನಿಂದ ಹಿಡಿದು ಕೊನೆಯದರವರೆಗೂ ನೀವೇ ಕಟ್ಟಬೇಕು. ಯೂನಿಟ್ಟಿಗೆ ಆರು ರೂಪಾಯಿಯ ಆಸುಪಾಸು, ಅದರ ಮೇಲೆ ನಿಗದಿತ ಶುಲ್ಕ, ತೆರಿಗೆ.

ಅಂದರೆ ನಿಮ್ಮ ಬಿಲ್ಲನ್ನು ಕೆಡಿಸಿದ್ದು 214 ಯೂನಿಟ್ ಅಲ್ಲ, 200ರ ಮೇಲಿನ ಹದಿನಾಲ್ಕು. 200ಕ್ಕೆ ನಿಂತಿದ್ದರೆ ಇನ್ನೂರ ಐವತ್ತು ರೂಪಾಯಿಯ ಆಸುಪಾಸಿನಲ್ಲಿ ಮುಗಿಯುತ್ತಿತ್ತು. ಹದಿನಾಲ್ಕು ಯೂನಿಟ್ ಸಾವಿರಕ್ಕೂ ಹೆಚ್ಚು ತಿಂದುಹಾಕಿತು. ನೀವು ಮಕ್ಕಳ ಲೋಟದಿಂದ ತೆಗೆದ ಅರ್ಧ ಲೀಟರ್ ಹಾಲು ಉಳಿಸಿಕೊಟ್ಟದ್ದು ತಿಂಗಳಿಗೆ ಏಳುನೂರು ರೂಪಾಯಿ.

ಈ ಹದಿನಾಲ್ಕು ಯೂನಿಟ್ ಎಂದರೆ ಏನು ಎಂದು ಬಚ್ಚಲುಮನೆಯಲ್ಲೇ ನಿಂತು ನೋಡೋಣ. ಡಿಸೆಂಬರಿನ ಬೆಳಗ್ಗೆ ನಲ್ಲಿಯ ನೀರು ಹತ್ತೊಂಬತ್ತು ಡಿಗ್ರಿ ಎಂದುಕೊಳ್ಳಿ. ಮೈಗೆ ಹಿತವಾಗುವ ನೀರು ನಲವತ್ತು. ಇಪ್ಪತ್ತು ಲೀಟರಿನ ಒಂದು ಬಕೆಟ್ಟನ್ನು ಅಷ್ಟು ಬಿಸಿ ಮಾಡಲು ಹೆಚ್ಚುಕಡಿಮೆ ಅರ್ಧ ಯೂನಿಟ್ ವಿದ್ಯುತ್ ಬೇಕು. ಏಪ್ರಿಲಿನಲ್ಲಿ ನೀರು ತಾನೇ ಇಪ್ಪತ್ತೆಂಟರಲ್ಲಿ ಇರುತ್ತದೆ, ಕಾಲು ಯೂನಿಟ್ಟಿಗಿಂತ ತುಸು ಹೆಚ್ಚು ಸಾಕು. ಐದು ಜನ, ಮೂವತ್ತು ದಿನ, ತಲೆಗೊಂದು ಬಕೆಟ್ ಎಂದರೆ ಡಿಸೆಂಬರಿಗೆ 75 ಯೂನಿಟ್, ಏಪ್ರಿಲಿಗೆ 42. ವ್ಯತ್ಯಾಸ 33. ಇದು ಚಳಿಯ ಪಾಲು, ಇದಕ್ಕೆ ಯಾರನ್ನೂ ಬೈಯುವಂತಿಲ್ಲ. ಆದರೆ ನಿಮ್ಮ ಮನೆಯಲ್ಲಿ ಏರಿದ್ದು 54. ಫ್ಯಾನ್ ನಿಂತದ್ದನ್ನು ಲೆಕ್ಕ ಹಿಡಿದರೆ ಇನ್ನೂ ಹೆಚ್ಚು. ಉಳಿದದ್ದು ಎಲ್ಲಿ ಹೋಯಿತು? ನಿಮ್ಮ ಪತ್ರದ ಎರಡನೆಯ ಪುಟದಲ್ಲೇ ಇದೆ: “ಯಜಮಾನರು ಐದೂವರೆಗೆ ಗೀಸರ್ ಹಾಕುತ್ತಾರೆ, ಕೊನೆಯ ಸ್ನಾನ ಎಂಟೂವರೆಗೆ.” ಮೂರು ಗಂಟೆ ಆ ಡಬ್ಬಿ ಬಿಸಿಯಾಗುತ್ತ, ಆರುತ್ತ, ಮತ್ತೆ ಬಿಸಿಯಾಗುತ್ತ ಇರುತ್ತದೆ. ಗೀಸರಿನ ಮೇಲಿನ ನಕ್ಷತ್ರಗಳು ಅಳೆಯುವುದೇ ಇದನ್ನು, ಅಂದರೆ ಸುಮ್ಮನೆ ನಿಂತಾಗ ಎಷ್ಟು ಬಿಸಿ ಕಳೆದುಕೊಳ್ಳುತ್ತದೆ ಎಂಬುದನ್ನು. ಜೊತೆಗೆ ಮಕ್ಕಳು ಷವರಿನ ಕೆಳಗೆ ಹಾಡುತ್ತ ನಿಲ್ಲುತ್ತಾರೆ ಎಂದೂ ಬರೆದಿದ್ದೀರಿ.

ಹದಿನಾಲ್ಕು ಯೂನಿಟ್ ಎಂದರೆ ಇಪ್ಪತ್ತೆಂಟು ಬಕೆಟ್. ದಿನಕ್ಕೆ ಒಂದು ಬಕೆಟ್ ಕೂಡ ಅಲ್ಲ.

ಆದ್ದರಿಂದ ಸ್ನಾನಗಳನ್ನು ಒಂದರ ಹಿಂದೆ ಒಂದು ಮುಗಿಸಿ, ಕೊನೆಯವರು ಒಳಗೆ ಹೋಗುವಾಗಲೇ ಸ್ವಿಚ್ ಆರಿಸಿ. ಗೀಸರಿನ ಗುಂಡಿ ಎಪ್ಪತ್ತು ಡಿಗ್ರಿಗೆ ತಿರುಗಿಸಿದ್ದರೆ ಐವತ್ತಕ್ಕೆ ಇಳಿಸಿ. ಕುದಿ ನೀರು ಕಾಯಿಸಿ ಅದಕ್ಕೆ ತಣ್ಣೀರು ಬೆರೆಸುವುದರಲ್ಲಿ ಅರ್ಥವಿಲ್ಲ. ಷವರನ್ನು ಮಾರ್ಚ್‌ವರೆಗೆ ಮರೆತು ಬಕೆಟ್ ಮತ್ತು ಚೊಂಬು ಇಡಿ, ಹಾಡು ಚೊಂಬಿನ ಜೊತೆಗೂ ಬರುತ್ತದೆ. ಇನ್ನು ಅತ್ತೆಯವರು. ಮೇಲ್ಛಾವಣಿಗೆ ಹೋಗಲು ಮಾಲೀಕರ ಅಭ್ಯಂತರವಿಲ್ಲದಿದ್ದರೆ, ಬೆಳಗ್ಗೆ ಒಂಬತ್ತಕ್ಕೆ ಕಪ್ಪು ಬಕೆಟ್ಟಿನಲ್ಲಿ ನೀರು ತುಂಬಿ ಮುಚ್ಚಿ ಬಿಸಿಲಿಗಿಡಿ. ಜನವರಿಯ ನಿರ್ಮಲ ಆಕಾಶಕ್ಕೆ ಮಧ್ಯಾಹ್ನದ ಹೊತ್ತಿಗೆ ನೀರು ಉಗುರುಬೆಚ್ಚಗೆ ತಿರುಗಿರುತ್ತದೆ, ಹಿರಿಯರಿಗೆ ಆ ಹೊತ್ತಿನ ಸ್ನಾನವೇ ಹಿತ. ಧನುರ್ಮಾಸದಲ್ಲಿ ಸೂರ್ಯ ಹುಟ್ಟುವ ಮುಂಚೆ ಸ್ನಾನ ಆಗಲೇಬೇಕು ಎಂದು ಅವರು ಪಟ್ಟು ಹಿಡಿದರೆ ಆ ಜಗಳದಲ್ಲಿ ಸಂಪಾದಕರು ಬರುವುದಿಲ್ಲ.

ಪ್ರತಿ ಭಾನುವಾರ ಮೀಟರ್ ನೋಡಿ ಕ್ಯಾಲೆಂಡರಿನ ಚೌಕದಲ್ಲಿ ಸಂಖ್ಯೆ ಬರೆಯಿರಿ. ವಾರಕ್ಕೆ 45ರೊಳಗಿದ್ದರೆ ನೀವು ಕ್ಷೇಮ. ಬಿಲ್ ಬಂದ ಮೇಲೆ ಮಾಡುವ ಉಳಿತಾಯ ಬರೀ ಪಶ್ಚಾತ್ತಾಪ.

ಗೀಸರ್ ತೆಗೆದು ನೀರಿಗಿಳಿಬಿಡುವ ಹೀಟರ್ ಸರಳು ಕೊಂಡರೆ ಹೇಗೆ ಎಂದು ಕೇಳಿದ್ದೀರಿ. ಬೇಡ. ನೀರು ಕಾಯಲು ಬೇಕಾದ ವಿದ್ಯುತ್ ಎರಡಕ್ಕೂ ಒಂದೇ, ಸರಳಿನಲ್ಲಿ ಶಾಕ್ ಹೊಡೆಯುವ ಭಯ ಹೆಚ್ಚಿಗೆ. ಗ್ಯಾಸ್ ಒಲೆಯ ಮೇಲೆ ಕಾಯಿಸಿದರೂ ಖರ್ಚು ಹೆಚ್ಚುಕಡಿಮೆ ಅಷ್ಟೇ, ಮಕ್ಕಳು ಓಡಾಡುವ ಮನೆಯಲ್ಲಿ ಬಿಸಿನೀರು ಹೊರುವ ಅಪಾಯ ಬೇರೆ. ಗ್ಯಾಸ್ ಗೀಸರ್ ಅಗ್ಗ ಎಂದು ಯಾರಾದರೂ ಹೇಳಿದರೆ ಮೊದಲು ನಿಮ್ಮ ಬಚ್ಚಲಿನ ಕಿಟಕಿ ನೋಡಿ. ಗಾಳಿಯಾಡದ ಬಚ್ಚಲಿನಲ್ಲಿ ಅದು ವಾಸನೆಯಿಲ್ಲದ ವಿಷಗಾಳಿ ತುಂಬುತ್ತದೆ. ಬಾಗಿಲು ಒಡೆದು ಹೊರತೆಗೆದವರ ಸುದ್ದಿಯನ್ನು ಚಳಿಗಾಲದಲ್ಲಿ ಪುಟಕ್ಕೆ ಹಾಕಿ ಹಾಕಿ ನಮಗೆ ಸಾಕಾಗಿದೆ. ಕೋಣೆ ಮುಚ್ಚಿ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟುಕೊಳ್ಳುವುದೂ ಅದೇ ದಾರಿ. ಇವೆರಡರಲ್ಲಿ ಉಳಿತಾಯದ ಮಾತೇ ಆಡಬೇಡಿ.

ಇನ್ನು ಅಡುಗೆಮನೆ. ಈ ತಿಂಗಳಲ್ಲಿ ಹಣ್ಣು ನಿಲ್ಲಿಸಿದ್ದು ನನಗೆ ಹಿಡಿಸಲಿಲ್ಲ. ವರ್ಷದಲ್ಲಿ ನಿಲ್ಲಿಸಬಾರದ ತಿಂಗಳು ಯಾವುದಾದರೂ ಇದ್ದರೆ ಇದೇ. ಸೀಬೆ, ನೆಲ್ಲಿ, ಎಲಚಿ, ನಾಗಪುರದ ಕಿತ್ತಳೆ ಎಲ್ಲವೂ ಗಾಡಿಯ ಮೇಲೆ ಗುಡ್ಡೆ ಬಿದ್ದಿರುತ್ತವೆ. ಬಿಡಬೇಕಾದದ್ದು ಹೊರದೇಶದ ಮೇಣ ಹಚ್ಚಿದ ಸೇಬನ್ನು. ನೀವು ಕಳಿಸಿದ ತಿಂಗಳ ಚೀಟಿಯಲ್ಲಿ ದೊಣ್ಣೆಮೆಣಸಿನಕಾಯಿ, ಅಣಬೆ, ಪೊಟ್ಟಣದ ಬಟಾಣಿ ಇವೆ. ಅವರೆಕಾಯಿ ಎರಡೇ ಸಲ ಇದೆ, ಅದೂ ಸುಲಿದ ಕಾಳು. ಮಾಗಡಿ ಸೀಮೆಯ ಸೊಸೆ! ಸೊಗಡವರೆ ಬೀದಿಯ ತಿರುವಿನಲ್ಲಿ ರಾಶಿ ಬಿದ್ದಿರುವಾಗ ಸುಲಿದ ಕಾಳು ಕೊಳ್ಳುವುದು ಎಂದರೆ ಬೇರೆಯವರ ಬೆರಳಿಗೆ ಕೂಲಿ ಕೊಟ್ಟಂತೆ. ಆ ಕೂಲಿ ನ್ಯಾಯವಾದದ್ದೇ, ನಿಮ್ಮ ಕೈಯಲ್ಲಿ ಹಣವಿದ್ದರೆ ಧಾರಾಳವಾಗಿ ಕೊಡಿ.

“ಸುಲಿಯಲು ಸಮಯ ಎಲ್ಲಿದೆ?” ಎಂದು ನೀವು ಕೇಳುವುದು ನನಗೆ ಇಲ್ಲಿಂದಲೇ ಕೇಳಿಸುತ್ತದೆ. ಈ ಮಾತನ್ನು ಹಗುರವಾಗಿ ದಾಟಲಾರೆ. ಮಿತವ್ಯಯದ ಲೇಖನಗಳು ಉಳಿಸುವ ರೂಪಾಯಿ ಎಲ್ಲ ಹೆಂಗಸಿನ ನಿದ್ದೆಯಿಂದ ಬರುತ್ತದೆ. ನಮ್ಮ ಪತ್ರಿಕೆಯೂ ಅಂಥವನ್ನು ಸಾಕಷ್ಟು ಅಚ್ಚು ಹಾಕಿದೆ, ಒಪ್ಪಿಕೊಳ್ಳುತ್ತೇನೆ. ನಮ್ಮ ಮನೆಯಲ್ಲಿ ಅವರೆಕಾಯಿ ಅಪ್ಪನ ಇಲಾಖೆಯಾಗಿತ್ತು. ರಾತ್ರಿ ಊಟವಾದ ಮೇಲೆ ಅವರು ಹಳೆಯ ಪತ್ರಿಕೆ ಹಾಸಿ ಎರಡು ಕಿಲೋ ಸುರಿಯುತ್ತಿದ್ದರು, ಎಲ್ಲರೂ ಸುತ್ತ ಕೂರಬೇಕು. ಒಂದು ಕಿಲೋ ಕಾಯಿಗೆ ಸುಮಾರು ನಾನೂರು ಗ್ರಾಂ ಕಾಳು. ಹುಳ ಬಿದ್ದ ಕಾಯಿ ಒಂದು ಕಡೆ, ಸಿಪ್ಪೆ ಎದುರು ಮನೆಯ ಹಸುವಿಗೆ. ಕಾಳು ರಾತ್ರಿಯಿಡೀ ನೀರಿನಲ್ಲಿ ನೆನೆದು, ಬೆಳಗ್ಗೆ ಹೆಬ್ಬೆರಳು ತೋರುಬೆರಳಿನ ನಡುವೆ ಹಿದುಕಿದರೆ ಬೇಳೆ ಪುಳಕ್ಕೆಂದು ಹಾರಿ ಗೋಡೆಗೆ ಬಡಿಯುತ್ತಿತ್ತು. ಬೆರಳಿಗೆ ಅಂಟಿದ ಸೊಗಡು ಮಾರನೆಯ ದಿನ ತರಗತಿಯಲ್ಲೂ ಹೋಗುತ್ತಿರಲಿಲ್ಲ. ನಿಮ್ಮಲ್ಲಿ ಹತ್ತು ಕೈಗಳಿವೆ. ಎರಡು ಕೈ ಪಾಠ ಮಾಡಿ ದಣಿದು ಬಂದಿವೆ, ಉಳಿದ ಎಂಟು ಟಿವಿಯ ಮುಂದೆ ಖಾಲಿ ಕೂತಿರುತ್ತವೆ. ಯಜಮಾನರಿಗೆ ಈ ಸಾಲುಗಳನ್ನು ತೋರಿಸಿ.

ಅತ್ತೆಯವರ ಸುಗ್ಗಿಯ ವಿಷಯ ಇನ್ನೂ ಬಾಕಿಯಿದೆ. ಅವರ ಕಾಲದಲ್ಲಿ ಕಣದಿಂದ ರಾಗಿ ನೇರ ಮನೆಗೆ ಬರುತ್ತಿತ್ತು. ನಿಮಗೆ ಸಂಬಳ ಬರುತ್ತದೆ, ರಾಗಿ ಬರುವುದಿಲ್ಲ. ಆದ್ದರಿಂದ ಸುಗ್ಗಿ ನಿಮ್ಮ ಮನೆಗೆ ತಾನಾಗಿ ನಡೆದು ಬರಲಾರದು, ಕೊಳ್ಳುವ ಸಮಯವನ್ನು ಬದಲಿಸಿ ಕರೆತರಬೇಕು. ಈಗ ನೀವು ಬೇಳೆಯನ್ನು ಅರ್ಧ ಕಿಲೋದಂತೆ, ಹತ್ತು ನಿಮಿಷದಲ್ಲಿ ತಂದುಕೊಡುವ ಮೊಬೈಲ್ ಅಂಗಡಿಯಿಂದ ತರಿಸುತ್ತೀರಿ. ಚಳಿಯಲ್ಲಿ ಸಂಜೆ ಹೊರಗೆ ಹೋಗಲು ಮನಸ್ಸಾಗುವುದಿಲ್ಲ, ನಿಜ. ಬೇಳೆಯ ಜೊತೆ ಬಿಸಿ ಪಫ್ಸ್ ಕೂಡ ಬರುತ್ತದೆ, ಅದೂ ನಿಮ್ಮ ಚೀಟಿಯಲ್ಲಿ ಕಂಡಿತು: ತಿಂಗಳಿಗೆ ಹನ್ನೊಂದು ಸಲ.

ಕಲಬುರಗಿ ಕಡೆಯ ತೊಗರಿ ಡಿಸೆಂಬರ್, ಜನವರಿಯಲ್ಲಿ ಕೊಯ್ಲಾಗುತ್ತದೆ. ಹೊಸ ಬೇಳೆ ಅಂಗಡಿಗೆ ಬಂದಾಗ ಮೂರು ತಿಂಗಳಿಗಾಗುವಷ್ಟು ಒಟ್ಟಿಗೆ ತನ್ನಿ, ಒಂದು ದಿನ ಬಿಸಿಲಿಗೆ ಹಾಕಿ, ಹರಳೆಣ್ಣೆ ಸವರಿ ಡಬ್ಬಿಗೆ ತುಂಬಿ. ಹುಳ ಹತ್ತಿರ ಸುಳಿಯುವುದಿಲ್ಲ. ಮುಂದಿನ ತಿಂಗಳು ಬ್ಯಾಡಗಿ ಮೆಣಸಿನಕಾಯಿ, ಅದರ ಮುಂದಿನ ತಿಂಗಳು ಹುಣಸೆಹಣ್ಣು. ಒಂದು ತಿಂಗಳಿಗೆ ಒಂದೇ ಪದಾರ್ಥ. ಎಲ್ಲವನ್ನೂ ಒಮ್ಮೆಲೇ ತುಂಬಲು ಹೋದರೆ ಸಾಲವಾಗುತ್ತದೆ. ಮೊದಲ ಸಲದ ಬೇಳೆಗೆ ಗೀಸರ್ ಉಳಿಸಿಕೊಟ್ಟ ಹಣ ಸಾಕು. ಅಕ್ಕಿಯ ವಿಷಯದಲ್ಲಿ ಮಾತ್ರ ಆತುರ ಬೇಡ. ಹೊಸ ಅಕ್ಕಿ ಮುದ್ದೆಯಾಗುತ್ತದೆ, ಅನ್ನ ಒದಗುವುದಿಲ್ಲ. ಈಗ ಕೊಂಡರೂ ಬೇಸಗೆ ಕಳೆಯುವವರೆಗೆ ಚೀಲ ಬಿಚ್ಚಬೇಡಿ.

ಸಂಕ್ರಾಂತಿಗೆ ನಲವತ್ತು ಮನೆಗೆ ಎಳ್ಳು ಬೀರಬೇಕು, ಏನು ಮಾಡಲಿ ಎಂದಿದ್ದೀರಿ. ಬೀರಿ. ಕೊಬ್ಬರಿ ಕೈಸುಡುವುದು ನಿಜ, 2025ರಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ಅದು ದಾಖಲೆಯ ಬೆಲೆಗೆ ಏರಿತ್ತು. ಕಡಲೆಕಾಯಿ, ಹುರಿಗಡಲೆ ಹೆಚ್ಚಿಸಿ ಕೊಬ್ಬರಿಯನ್ನು ಹೆಸರಿಗೆ ಹಾಕಿ, ಯಾರೂ ತಕ್ಕಡಿ ತರುವುದಿಲ್ಲ. ಬಣ್ಣದ ಪ್ಲಾಸ್ಟಿಕ್ ಡಬ್ಬಿಗಳಿಗೆ ಎಳ್ಳಿಗಿಂತ ಹೆಚ್ಚು ಹಣ ಸುರಿಯುವ ಹೊಸ ಪದ್ಧತಿಯನ್ನು ಬಿಡಿ. ಮಕ್ಕಳ ಸ್ವೆಟರಿಗೆ, ಚಳಿಗಾಲದಲ್ಲಿ ಊರೂರಿಗೆ ಬಂದು ಅಂಗಡಿ ಹಾಕುವ ಟಿಬೆಟನ್ನರ ಹತ್ತಿರ ಹೋಗಿ, ಒಂದು ಅಳತೆ ದೊಡ್ಡದನ್ನೇ ತನ್ನಿ. ಶಾಲೆಯ ವಾರ್ಷಿಕೋತ್ಸವದ ವೇಷದ ಖರ್ಚಿಗೆ ನನ್ನಲ್ಲಿ ಮದ್ದಿಲ್ಲ. ನೀವೂ ಶಿಕ್ಷಕಿ, ನಿಮ್ಮ ಶಾಲೆಯಲ್ಲಿ ಮೊದಲು ಮಾತೆತ್ತಿ ನೋಡಿ.

ಹಾಲನ್ನು ನಾಳೆಯಿಂದಲೇ ಒಂದೂವರೆ ಲೀಟರಿಗೆ ಏರಿಸಿ. ಹೆಪ್ಪು ಕೂಡುತ್ತಿಲ್ಲ ಎಂದೂ ಬರೆದಿದ್ದಿರಿ. ಹಾಲು ತುಸು ಬಿಸಿ ಇರುವಾಗಲೇ ಹೆಪ್ಪು ಹಾಕಿ, ಪಾತ್ರೆಯನ್ನು ಅಕ್ಕಿ ಡಬ್ಬಿಯೊಳಗೆ ಕುತ್ತಿಗೆಯವರೆಗೆ ಹೂತಿಡಿ. ದೋಸೆ ಹಿಟ್ಟಿಗೂ ಅದೇ ಜಾಗ.

ಫೆಬ್ರವರಿಯಲ್ಲಿ ಬಿಲ್ ಬಂದ ದಿನ ಒಂದು ಕಾರ್ಡ್ ಹಾಕಿ. ಯೂನಿಟ್ ಸಂಖ್ಯೆ ಬರೆದರೆ ಸಾಕು. ಜಾಗ ಉಳಿದರೆ, ಹಿದುಕಿದ ಬೇಳೆಯ ಸಾರಿಗೆ ಮಾಗಡಿ ಕಡೆಯವರು ಗಸಗಸೆ ಹಾಕುತ್ತಾರೋ ಇಲ್ಲವೋ ಎಂದು ಅತ್ತೆಯವರನ್ನು ಕೇಳಿ ತಿಳಿಸಿ. ನಮ್ಮ ಕಚೇರಿಯಲ್ಲಿ ಇದರ ಮೇಲೆ ಎರಡು ಪಂಗಡಗಳಾಗಿವೆ.

– ಸಂ.