ಕಂಪ್ಯೂಟರ್ ಪ್ರಶ್ನೋತ್ತರ: ಹೊಸ ನೋಡ್ (ಸರ್ವರ್) ಸೇರಿದೆ, ಜಾಗ ಏಕೆ ಹೆಚ್ಚಲಿಲ್ಲ?

ಪ್ರಶ್ನೆ: ಬಾಗಲಕೋಟೆಯ ನಮ್ಮ ಕಾಲೇಜು ಗ್ರಂಥಾಲಯದಲ್ಲಿ ಹಳೆಯ ಪತ್ರಿಕೆಗಳ ಹಾಗೂ ಕೈಬರಹಗಳ ಸ್ಕ್ಯಾನ್ ಪ್ರತಿಗಳನ್ನು ತಲಾ 8 ಟಿಬಿ ಡಿಸ್ಕ್ ಇರುವ ಎರಡು ಲಿನಕ್ಸ್ ಸರ್ವರ್‌ಗಳಲ್ಲಿ ಗ್ಲಸ್ಟರ್‌ಎಫ್‌ಎಸ್ (ಹಲವು ಸರ್ವರ್‌ಗಳ ಡಿಸ್ಕ್‌ಗಳನ್ನು ಒಟ್ಟುಗೂಡಿಸುವ ತಂತ್ರಾಂಶ) ಮೂಲಕ ಇಟ್ಟಿದ್ದೇವೆ. ಪ್ರತಿ ಕಡತವೂ ಎರಡೂ ಕಡೆ ಇರುತ್ತದೆ. ಈಗ ಅಷ್ಟೇ ಸಾಮರ್ಥ್ಯದ ಮೂರನೆಯ ಸರ್ವರ್ ಬಂದಿದೆ. ‘ಗ್ಲಸ್ಟರ್ ಪೀರ್ ಪ್ರೋಬ್’ ಕಮಾಂಡ್ ಯಶಸ್ವಿಯಾಯಿತು, ಆದರೆ ಒಟ್ಟು ಜಾಗ ಇನ್ನೂ 8 ಟಿಬಿ ಎಂದೇ ತೋರಿಸುತ್ತಿದೆ. ಎಲ್ಲಿ ತಪ್ಪಾಗಿದೆ?
– ಒಬ್ಬ ಓದುಗರು, ಬಾಗಲಕೋಟೆ

ಉತ್ತರ: ತಪ್ಪೇನೂ ಆಗಿಲ್ಲ, ಕೆಲಸ ಅರ್ಧಕ್ಕೆ ನಿಂತಿದೆ. ‘ಪೀರ್ ಪ್ರೋಬ್’ ಹೊಸ ಯಂತ್ರವನ್ನು ಸರ್ವರ್‌ಗಳ ಗುಂಪಿಗೆ ಪರಿಚಯಿಸುತ್ತದೆಯೇ ಹೊರತು ಅದರ ಡಿಸ್ಕನ್ನು, ಎಲ್ಲ ಡಿಸ್ಕ್‌ಗಳೂ ಸೇರಿ ಒಂದೇ ಜಾಗವಾಗಿ ಕಾಣುವ ನಿಮ್ಮ ವಾಲ್ಯೂಮ್‌ಗೆ ಸೇರಿಸುವುದಿಲ್ಲ. ‘ಗ್ಲಸ್ಟರ್ ಪೀರ್ ಸ್ಟೇಟಸ್’ ಕೊಟ್ಟಾಗ ಮೂರನೆಯ ಯಂತ್ರದ ಎದುರು ‘ಪೀರ್ ಇನ್ ಕ್ಲಸ್ಟರ್’, ‘ಕನೆಕ್ಟೆಡ್’ ಎಂದು ಕಂಡರೆ ಆ ಹಂತ ಮುಗಿದಿದೆ ಎಂದರ್ಥ. ಡಿಸ್ಕ್ ಸೇರಿಸಲು ‘ಆ್ಯಡ್ ಬ್ರಿಕ್’ ಎಂಬ ಬೇರೆಯೇ ಕಮಾಂಡ್ ಇದೆ; ವಾಲ್ಯೂಮ್‌ಗೆ ಕೊಡುವ ಡಿಸ್ಕಿನ ಜಾಗವನ್ನೇ ಬ್ರಿಕ್ ಎನ್ನುತ್ತಾರೆ.

ಅದನ್ನು ಕೊಡುವ ಮೊದಲು ನಿಮಗೆ ಬೇಕಾಗಿರುವುದು ಜಾಗವೋ ಸುರಕ್ಷತೆಯೋ ಎಂಬುದನ್ನು ನಿರ್ಧರಿಸಬೇಕು. ಎರಡು ಪ್ರತಿಗಳ ವಾಲ್ಯೂಮ್‌ನಲ್ಲಿ ಜಾಗ ಹೆಚ್ಚಿಸಬೇಕಾದರೆ ಬ್ರಿಕ್‌ಗಳನ್ನು ಜೋಡಿಯಾಗಿಯೇ ಸೇರಿಸಬೇಕು. ನಿಮ್ಮ ಬಳಿ ಇರುವುದು ಒಂದೇ ಹೊಸ ಯಂತ್ರ. ಅದರ ಡಿಸ್ಕನ್ನೇ ಎರಡು ಭಾಗ ಮಾಡಿ ಜೋಡಿ ಎಂದು ತೋರಿಸುವ ಉಪಾಯವನ್ನು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ, ಏಕೆಂದರೆ ಆ ಯಂತ್ರವೊಂದು ಕೆಟ್ಟರೆ ಎರಡೂ ಪ್ರತಿಗಳು ಒಟ್ಟಿಗೆ ಕೈತಪ್ಪುತ್ತವೆ.

ಮರಳಿ ಸಿಗದ ಕೈಬರಹಗಳು ಅದರಲ್ಲಿರುವುದರಿಂದ, ಮೂರನೆಯ ಯಂತ್ರವನ್ನು ಮೂರನೆಯ ಪ್ರತಿಗಾಗಿಯೇ ಬಳಸಿ ಎಂಬುದು ನನ್ನ ಸ್ಪಷ್ಟ ಸಲಹೆ. ಎರಡೇ ಪ್ರತಿಗಳಿದ್ದಾಗ ಸರ್ವರ್‌ಗಳ ನಡುವಿನ ಸಂಪರ್ಕ ಕಡಿದು, ಒಂದೇ ಕಡತ ಎರಡೂ ಕಡೆ ಬೇರೆ ಬೇರೆಯಾಗಿ ಬದಲಾದರೆ, ಯಾವುದು ಸರಿ ಎಂದು ತೀರ್ಮಾನಿಸಲು ಗ್ಲಸ್ಟರ್‌ಗೆ ಆಗುವುದಿಲ್ಲ. ಇದನ್ನೇ ಸ್ಪ್ಲಿಟ್ ಬ್ರೈನ್ ಎನ್ನುತ್ತಾರೆ. ಮೂರು ಪ್ರತಿಗಳಿದ್ದರೆ ಕನಿಷ್ಠ ಎರಡು ಯಂತ್ರಗಳು ಸಂಪರ್ಕದಲ್ಲಿದ್ದಾಗ ಮಾತ್ರ ಬರೆಯಲು ಅವಕಾಶ ಸಿಗುವುದರಿಂದ ಆ ಗೊಂದಲ ಬಹುಮಟ್ಟಿಗೆ ತಪ್ಪುತ್ತದೆ. ಜಾಗ ಮಾತ್ರ 8 ಟಿಬಿಯೇ ಉಳಿಯುತ್ತದೆ. ಮುಂದೆ ಜಾಗ ಸಾಲದಾದಾಗ ಮೂರೂ ಸರ್ವರ್‌ಗಳಿಗೆ ಒಂದೊಂದು ಹೊಸ ಡಿಸ್ಕ್ ಹಾಕಿ, ಮೂರನ್ನೂ ಒಂದೇ ಕಮಾಂಡ್‌ನಲ್ಲಿ ಸೇರಿಸಿ, ‘ರೀಬ್ಯಾಲೆನ್ಸ್’ ಮಾಡಿದರೆ ಹಳೆಯ ಕಡತಗಳೂ ಹೊಸ ಡಿಸ್ಕ್‌ಗಳಿಗೆ ಹಂಚಿಹೋಗುತ್ತವೆ.

ಈಗ ಮಾಡಬೇಕಾದ ಕ್ರಮ ಹೀಗಿದೆ. ಮೊದಲು ಹಳೆಯ ಎರಡೂ ಪ್ರತಿಗಳು ಸಮವಾಗಿವೆಯೇ ಎಂದು ‘ಗ್ಲಸ್ಟರ್ ವಾಲ್ಯೂಮ್ ಹೀಲ್ ಗ್ರಂಥ ಇನ್ಫೋ’ ಕಮಾಂಡ್‌ನಿಂದ ನೋಡಿ (ವಾಲ್ಯೂಮ್ ಹೆಸರು ‘ಗ್ರಂಥ’ ಎಂದಿಟ್ಟುಕೊಂಡಿದ್ದೇನೆ). ಪ್ರತಿ ಬ್ರಿಕ್‌ನ ಕೆಳಗೆ ‘ನಂಬರ್ ಆಫ್ ಎಂಟ್ರೀಸ್’ ಎಂಬ ಸಾಲಿನಲ್ಲಿ 0 ಇರಬೇಕು. ಬೇರೆ ಸಂಖ್ಯೆ ಇದ್ದರೆ ಅದು ಸೊನ್ನೆಯಾಗುವವರೆಗೆ ಮುಂದುವರಿಯಬೇಡಿ. ಬಳಿಕ ಹೊಸ ಯಂತ್ರದ ಡಿಸ್ಕನ್ನು ಲಿನಕ್ಸಿನ ಕಡತ ವ್ಯವಸ್ಥೆಯಾದ ಎಕ್ಸ್‌ಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿ, ಮೌಂಟ್ ಮಾಡಿ (ಬಳಕೆಗೆ ಸಿಗುವಂತೆ ಸಿಸ್ಟಮ್‌ಗೆ ಜೋಡಿಸಿ), ಅದರೊಳಗೆ ಒಂದು ಫೋಲ್ಡರ್ ರಚಿಸಿ ಅದನ್ನೇ ಬ್ರಿಕ್ ಎಂದು ತೋರಿಸಿ: ‘ಗ್ಲಸ್ಟರ್ ವಾಲ್ಯೂಮ್ ಆ್ಯಡ್-ಬ್ರಿಕ್ ಗ್ರಂಥ ರೆಪ್ಲಿಕಾ 3 ನೋಡ್3:/ಡಿಸ್ಕ್1/ಬ್ರಿಕ್’. ಇದರಲ್ಲಿ ‘ರೆಪ್ಲಿಕಾ 3’ ಬಿಟ್ಟುಹೋದರೆ ಒಂಟಿ ಬ್ರಿಕ್ಕನ್ನು ಗ್ಲಸ್ಟರ್ ಸ್ವೀಕರಿಸುವುದಿಲ್ಲ. ಬ್ರಿಕ್ ರೂಟ್ ಪಾರ್ಟಿಶನ್ ಮೇಲಿದೆ ಎಂಬ ಎಚ್ಚರಿಕೆ ಬಂದರೆ ಕೊನೆಗೆ ‘ಫೋರ್ಸ್’ ಸೇರಿಸಿ ಮುಂದೆ ಹೋಗಬೇಡಿ: ಡಿಸ್ಕ್ ಮೌಂಟ್ ಆಗಿಲ್ಲವೆಂದೇ ಬಹುತೇಕ ಸಲ ಅದರ ಅರ್ಥ, ಮತ್ತು ನಿಮ್ಮ ಸ್ಕ್ಯಾನ್ ಪ್ರತಿಗಳು ಆಪರೇಟಿಂಗ್ ಸಿಸ್ಟಮ್ ಇರುವ ಸಣ್ಣ ಡಿಸ್ಕನ್ನು ತುಂಬಿಬಿಡುತ್ತವೆ.

ಸೇರಿಸಿದ ಮೇಲೆ ಕಡತಗಳು ಹೊಸ ಯಂತ್ರಕ್ಕೆ ನಕಲಾಗತೊಡಗುತ್ತವೆ; ತಾನಾಗಿ ಆರಂಭವಾಗದಿದ್ದರೆ ‘ಗ್ಲಸ್ಟರ್ ವಾಲ್ಯೂಮ್ ಹೀಲ್ ಗ್ರಂಥ ಫುಲ್’ ಕೊಡಿ. ಇಲ್ಲಿ ರೀಬ್ಯಾಲೆನ್ಸ್ ಬೇಕಿಲ್ಲ. ನಕಲು ಮುಗಿಯುವವರೆಗೆ ಹಳೆಯ ಸರ್ವರ್‌ಗಳನ್ನು ರೀಬೂಟ್ ಮಾಡಬೇಡಿ, ಮೂರಕ್ಕೂ ಯುಪಿಎಸ್ ಇರಲಿ. ಇನ್ನೊಂದು ಮಾತು: ಯಾರಾದರೂ ಕಡತವೊಂದನ್ನು ಅಳಿಸಿದರೆ ಅದು ಮೂರೂ ಕಡೆ ಅಳಿಯುತ್ತದೆ, ಆದ್ದರಿಂದ ಬೇರೆ ಡಿಸ್ಕಿನಲ್ಲಿ ಬ್ಯಾಕಪ್ ಇಡುವುದನ್ನು ನಿಲ್ಲಿಸಬೇಡಿ.

ಪ್ರಶ್ನೆ: ಸಮಯ ಉಳಿಸಲೆಂದು ಹಳೆಯ ಗ್ಲಸ್ಟರ್ ಸರ್ವರ್‌ನ ಡಿಸ್ಕನ್ನೇ ಕ್ಲೋನ್ ಮಾಡಿ ಹೊಸ ಸರ್ವರ್ ಸಿದ್ಧಪಡಿಸಿದೆವು. ಪೀರ್ ಪ್ರೋಬ್ ವಿಫಲವಾಗುತ್ತಿದೆ. ಏನು ಮಾಡಬೇಕು?
– ಒಬ್ಬ ಓದುಗರು, ಬೆಳಗಾವಿ

ಉತ್ತರ: ಪ್ರತಿ ನೋಡ್‌ಗೂ ಒಂದು ಯುಯುಐಡಿ (ಅದನ್ನು ಬೇರೆಯವುಗಳಿಂದ ಪ್ರತ್ಯೇಕಿಸುವ ಗುರುತಿನ ಸಂಖ್ಯೆ) ಇರುತ್ತದೆ, ಅದು ‘/ವಾರ್/ಲಿಬ್/ಗ್ಲಸ್ಟರ್‌ಡಿ’ ಫೋಲ್ಡರಿನ ‘ಗ್ಲಸ್ಟರ್‌ಡಿ.ಇನ್ಫೋ’ ಕಡತದಲ್ಲಿ ಉಳಿದಿರುತ್ತದೆ. ಕ್ಲೋನ್ ಮಾಡಿದಾಗ ಅದೂ ನಕಲಾಗಿ, ಎರಡು ಯಂತ್ರಗಳಿಗೆ ಒಂದೇ ಗುರುತು ಬಂದಿದೆ. ಹೊಸ ಯಂತ್ರದಲ್ಲಿ ಗ್ಲಸ್ಟರ್‌ಡಿ ಸೇವೆಯನ್ನು ನಿಲ್ಲಿಸಿ, ಆ ಫೋಲ್ಡರಿನ ಒಳಗಿರುವುದನ್ನು ತೆಗೆದುಹಾಕಿ, ಸೇವೆಯನ್ನು ಮತ್ತೆ ಆರಂಭಿಸಿದರೆ ಹೊಸ ಯುಯುಐಡಿ ತಾನಾಗಿ ಹುಟ್ಟುತ್ತದೆ. ಹಳೆಯ ಯಂತ್ರದಲ್ಲಿ ಇದನ್ನು ಮಾಡಿದರೆ ಅದು ವಾಲ್ಯೂಮ್‌ನ ವಿವರಗಳನ್ನೇ ಕಳೆದುಕೊಳ್ಳುತ್ತದೆ, ಆದ್ದರಿಂದ ಎಂಟರ್ ಒತ್ತುವ ಮುನ್ನ ‘ಹೋಸ್ಟ್‌ನೇಮ್’ ಕಮಾಂಡ್ ಕೊಟ್ಟು ಯಾವ ಯಂತ್ರದಲ್ಲಿದ್ದೀರಿ ಎಂಬುದನ್ನು ಖಚಿತಪಡಿಸಿಕೊಳ್ಳಿ. ನಂತರ ಪೀರ್ ಪ್ರೋಬನ್ನು ಹೊಸ ಯಂತ್ರದಿಂದಲ್ಲ, ಈಗಾಗಲೇ ಗುಂಪಿನಲ್ಲಿರುವ ಯಂತ್ರದಿಂದ ಕೊಡಿ. ‘ಗ್ಲಸ್ಟರ್ ಪೂಲ್ ಲಿಸ್ಟ್’ನಲ್ಲಿ ಪ್ರತಿ ಸಾಲಿನ ಯುಯುಐಡಿ ಬೇರೆ ಬೇರೆಯಾಗಿ ಕಾಣಬೇಕು.