ಹತ್ತು ತಿಂಗಳ ಶಾರ್ಟ್‌ಹೇರ್ ಮರಿಯ ಮೊದಲ ಫೆಸೆಂಟ್ ಬೇಟೆಗೆ 20 ಗೇಜ್ ಕೋವಿ ಒಳ್ಳೆಯದಾ, 28 ಗೇಜ್ ಒಳ್ಳೆಯದಾ?

ಅಮೆರಿಕದ ಕಾನ್ಸಾಸ್ ರಾಜ್ಯ, ನವೆಂಬರ್, ಕೋಳಿಜಾತಿಯ ಫೆಸೆಂಟ್ ಹಕ್ಕಿಯ ಮೊದಲ ಸೀಸನ್, ಶಾರ್ಟ್‌ಹೇರ್ ಎಂಬ ತಳಿಯ ಬೇಟೆನಾಯಿ ಮರಿ, ಅದು ಸದ್ದಿಗೆ ಹೆದರೀತೇನೋ ಅನ್ನುವ ಆತಂಕ. ನಿಮ್ಮ ಪ್ರಶ್ನೆಯಲ್ಲಿ ನಾಯಿಯ ಹೆಸರು ಬದಲಾಯಿಸಿದರೆ ಅದು ನಾನೇ. ನನ್ನ ಕೆಂಚನಿಗೂ ಆಗ ಹೆಚ್ಚುಕಡಿಮೆ ಇದೇ ವಯಸ್ಸು. ನಾನೂ ಅಂಗಡಿಯಲ್ಲಿ ನಿಂತು ಇದೇ ಲೆಕ್ಕ ಹಾಕಿದ್ದೆ. ಉತ್ತರ ಮೊದಲೇ ಹೇಳಿಬಿಡುತ್ತೇನೆ. ಆ ದಿನ ನೀವು ಕೋವಿ ಹಿಡಿಯಲೇಬೇಡಿ. 20 ಬೇಡ, ಅದಕ್ಕಿಂತ ಸಣ್ಣ ನಳಿಕೆಯ 28 ಕೂಡ ಬೇಡ. ಹೊಡೆಯುವ ಕೆಲಸ ಬೇರೆ ಯಾರಿಗಾದರೂ ಕೊಡಿ. ನೀವು ನಾಯಿಯನ್ನು ನೋಡಿಕೊಳ್ಳಿ.

ನಾನು ಬೆಳೆದದ್ದು ಬಾಗಲಕೋಟೆ ಕಡೆ, ಮುಧೋಳ ನಾಯಿಗಳ ನಡುವೆ. ಮುಧೋಳ ಕಣ್ಣಿನಿಂದ ಬೇಟೆ ಹುಡುಕುವ ನಾಯಿ. ಕಂಡರೆ ಓಡುತ್ತದೆ, ಅಟ್ಟಿ ಹಿಡಿಯುತ್ತದೆ. ಅದರ ಚೆಂದವೆಲ್ಲ ಆ ಓಟದಲ್ಲಿದೆ. ಒಳ್ಳೆಯ ನಾಯಿ ಅಂದರೆ ಓಡುವ ನಾಯಿ ಅಂತ ಚಿಕ್ಕಂದಿನಿಂದಲೇ ನನ್ನ ತಲೆಯಲ್ಲಿ ಕೂತಿತ್ತು. ಶಾರ್ಟ್‌ಹೇರ್ ಹಾಗಲ್ಲ, ಅದು ಮೂಗಿನಿಂದ ಹುಡುಕುವ ನಾಯಿ. ಗಾಳಿಯಲ್ಲಿ ಹಕ್ಕಿಯ ವಾಸನೆ ಸಿಕ್ಕ ಕೂಡಲೇ ಅದು ನಿಲ್ಲಬೇಕು. ನಾವು ಹೋಗಿ ಹಕ್ಕಿಯನ್ನು ಎಬ್ಬಿಸುವಾಗಲೂ ನಿಂತಿರಬೇಕು. ಹಕ್ಕಿ ಹಾರಿದರೂ, ಕೋವಿ ಸಿಡಿದರೂ, ಹಕ್ಕಿ ಬಿದ್ದರೂ ನಿಂತೇ ಇರಬೇಕು. ಹೋಗು ಅಂದಮೇಲೆ ಹೋಗಿ ತರಬೇಕು. ಇದನ್ನೆಲ್ಲ ನಾನು ಓದಿದ್ದೆ, ಕೇಳಿದ್ದೆ. ಆದರೆ ನನ್ನ ಕಣ್ಣು ಮಾತ್ರ ಇನ್ನೂ ಮುಧೋಳದ ಕಣ್ಣೇ ಆಗಿತ್ತು.

ಜಾಗ ಪಶ್ಚಿಮ ಕಾನ್ಸಾಸ್, ಹೇಸ್ ಪಟ್ಟಣದಿಂದ ಇನ್ನೂ ಆಚೆ. ಪರಿಚಯದ ಹಿರಿಯ ರೈತರೊಬ್ಬರ ಜಮೀನು. ಅಲ್ಲಿ ಹೋಗಿ ನೋಡಿದರೆ ನಮ್ಮ ಜೋಳ! ಅವರು ಮೈಲೋ ಅನ್ನುತ್ತಾರೆ. ಗಿಡ ಗಿಡ್ಡ, ತೆನೆ ಕೆಂಪು. ಅಮೆರಿಕದಲ್ಲಿ ಅತಿ ಹೆಚ್ಚು ಜೋಳ ಬೆಳೆಯುವ ರಾಜ್ಯ ಇದೇ. ಕೊಯ್ಲಾದ ಜೋಳದ ಹೊಲ, ಪಕ್ಕದಲ್ಲಿ ಗೋಧಿಯ ಕೂಳೆ, ಅದರಾಚೆ ಸೊಂಟದೆತ್ತರದ ಸಿಆರ್‌ಪಿ ಹುಲ್ಲು. ರೈತರಿಗೆ ಬಾಡಿಗೆ ಕೊಟ್ಟು ಜಮೀನನ್ನು ಹುಲ್ಲಿಗೆ ಬಿಡಿಸುವ ಈ ಯೋಜನೆಯನ್ನು ಸರ್ಕಾರ 1985ರಲ್ಲಿ ತಂದಿತು. ಫೆಸೆಂಟ್‌ಗೆ ತಿನ್ನಲು ಜೋಳ, ಅಡಗಲು ಹುಲ್ಲು, ಎರಡೂ ಒಂದೇ ಕಡೆ. ಉತ್ತರದ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಗಾಳಿಗೆ ಎದುರಾಗಿಯೇ ನಡೆದೆವು, ಇಲ್ಲದಿದ್ದರೆ ನಾಯಿಗೆ ವಾಸನೆ ಸಿಗುವುದಿಲ್ಲ.

ಆ ರೈತರ ಹತ್ತಿರ ವಯಸ್ಸಾದ ಸೆಟ್ಟರ್ ನಾಯಿಯೊಂದಿತ್ತು, ಅದೂ ಹಕ್ಕಿಯ ವಾಸನೆ ಸಿಕ್ಕರೆ ನಿಲ್ಲುವ ತಳಿ. ಮೊದಲ ಹಕ್ಕಿ ಅದಕ್ಕೇ ಸಿಕ್ಕಿತು. ಅದು ನಿಂತಿತು, ಅವರು ಮುಂದೆ ಹೋಗಿ ಹುಲ್ಲು ಒದ್ದರು, ಹುಂಜ (ಗಂಡು ಫೆಸೆಂಟ್) ಎದ್ದಿತು. ಹಕ್ಕಿ ಏಳುತ್ತಿದ್ದಂತೆ ಸೆಟ್ಟರ್ ನಾಲ್ಕು ಹೆಜ್ಜೆ ಮುಂದೆ ಹೋಯಿತು, ಅಷ್ಟೇ. ಅವರು ಎತ್ತಿದ ಕೋವಿ ಇಳಿಸಿದರು. ಹಕ್ಕಿ ಹಾರಿಹೋಯಿತು. ಅವರು ನಾಯಿಯ ಕೊರಳಪಟ್ಟಿ ಹಿಡಿದು, ಅದು ಮೊದಲು ನಿಂತಿದ್ದ ಜಾಗಕ್ಕೇ ಕರೆತಂದು ನಿಲ್ಲಿಸಿದರು. ಬೆನ್ನು ಸವರಿದರು. ಆಮೇಲೆ ಮುಂದೆ ನಡೆದರು. ಅವರಿಗೆ ಗುರಿ ಸಿಗಲಿಲ್ಲ ಅಂದುಕೊಂಡೆ ನಾನು. ಕೇಳಲೂ ಇಲ್ಲ.

ಸ್ವಲ್ಪ ಹೊತ್ತಿಗೆ ಕೆಂಚ ನಿಂತ. ಬಾಲ ಸೆಟೆದಿತ್ತು, ಮುಂಗಾಲೊಂದು ಮೇಲಿತ್ತು, ಮೂಗು ಒಂದು ಹುಲ್ಲಿನ ಗಂಟಿಗೆ ನೆಟ್ಟಿತ್ತು. ನಾನು ಅವನನ್ನು ದಾಟಿ ಮುಂದೆ ಹೋದೆ. ಹುಂಜ ಕಿರುಚುತ್ತಾ ಎದ್ದಿತು. ಅದರ ಜೊತೆಗೇ ಕೆಂಚನೂ ಜಿಗಿದ. ನಾನು ಹೊಡೆದೆ. ಹಕ್ಕಿ ಅವನ ಮುಂದೆಯೇ ಬಿತ್ತು. ಬಾಯಲ್ಲಿ ಹಿಡಿದುಕೊಂಡು ಕುಣಿದ. ನಾನು ಮಂಡಿಯೂರಿ ಅವನನ್ನು ತಬ್ಬಿಕೊಂಡೆ, ಹೊಗಳಿದೆ, ಫೋಟೋ ತೆಗೆಸಿಕೊಂಡೆ. ಅವನು ಜಿಗಿದದ್ದೇ ನನಗೆ ಎಲ್ಲಕ್ಕಿಂತ ಹಿಡಿಸಿತ್ತು. ಎಷ್ಟು ಚುರುಕು ನೋಡಿ, ಅಂದೆ ಆ ರೈತರಿಗೆ.

ಆ ಮೂರು ಸೆಕೆಂಡಿನಲ್ಲಿ ಏನಾಯಿತು ಅಂತ ಬಿಡಿಸಿ ಹೇಳುತ್ತೇನೆ. ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಇರುವುದು ಅಲ್ಲೇ.

ನಾಯಿ ಏನನ್ನು ಮಾಡಿದಾಗ ಬೇಕಾದದ್ದು ಸಿಗುತ್ತದೋ ಅದನ್ನೇ ಮತ್ತೆ ಮಾಡುತ್ತದೆ. ಕೆಂಚನಿಗೆ ಬೇಕಾದದ್ದು ಬಿಸಿಬಿಸಿ ಹಕ್ಕಿ, ಬಾಯೊಳಗೆ. ನನ್ನ ಹೊಗಳಿಕೆ, ಜೇಬಿನ ಬಿಸ್ಕತ್ತು, ಇವೆಲ್ಲ ಅದರ ಮುಂದೆ ಏನೂ ಅಲ್ಲ. ಹಕ್ಕಿ ಬಾಯಿಗೆ ಬರುವ ಮುಂಚಿನ ಕ್ಷಣದಲ್ಲಿ ಅವನು ಏನು ಮಾಡಿದ್ದ? ಜಿಗಿದಿದ್ದ. ನಿಂತದ್ದು ಅದಕ್ಕೂ ಹಿಂದೆ. ನಾನು ಕೋವಿಯ ಕುದುರೆ ಎಳೆದದ್ದು ಅವನು ನಿಂತದ್ದಕ್ಕೆ ಸಂಬಳ ಅಂದುಕೊಂಡಿದ್ದೆ. ಅವನ ಲೆಕ್ಕದಲ್ಲಿ ಅದು ಜಿಗಿದದ್ದಕ್ಕೆ ಸಿಕ್ಕ ಸಂಬಳ. ಮುಂದಿನ ಸಲ ಅವನು ನಿಂತ ಹೊತ್ತು ಕಡಿಮೆಯಾಯಿತು. ಅದರ ಮುಂದಿನ ಸಲ ನಾನು ಪಕ್ಕಕ್ಕೆ ಬರುವ ಮೊದಲೇ ನುಗ್ಗಿದ. ಒಂದೆರಡು ಹಕ್ಕಿ ಹತ್ತಿರದಲ್ಲೇ ಎದ್ದದ್ದರಿಂದ ನಾನು ಹೊಡೆದೆ, ಅಂದರೆ ಮತ್ತೆ ಸಂಬಳ ಕೊಟ್ಟೆ. ಸಂಜೆಯ ಹೊತ್ತಿಗೆ ಅವನು ವಾಸನೆ ಸಿಕ್ಕ ಕೂಡಲೇ ನುಗ್ಗುತ್ತಿದ್ದ. ಹಕ್ಕಿಗಳು ಅರವತ್ತು ಗಜ ದೂರದಲ್ಲಿ ಏಳುತ್ತಿದ್ದವು. 20 ಗೇಜಿನ ಚರೆಗೆ ಅಷ್ಟು ದೂರದ ಹಕ್ಕಿ ದಕ್ಕುವುದಿಲ್ಲ. ಬೆಳಿಗ್ಗೆ ಪಾಯಿಂಟ್ ಮಾಡುತ್ತಿದ್ದ, ಅಂದರೆ ನಿಂತು ಹಕ್ಕಿಯನ್ನು ತೋರಿಸುತ್ತಿದ್ದ ನಾಯಿ ಕತ್ತಲಾಗುವುದರೊಳಗೆ ಅದನ್ನು ಬಿಟ್ಟಿತ್ತು. ಅದನ್ನು ಕಲಿಸಿದವನು ನಾನೇ, ಪ್ರತಿ ಸಲವೂ ತೋಟಾ ಖರ್ಚು ಮಾಡಿ.

ಅವನು ಜಿಗಿದಾಗ ನಾನು ಹೊಡೆಯದೆ ಇದ್ದಿದ್ದರೆ? ಹಕ್ಕಿ ಹೋಗುತ್ತಿತ್ತು. ಅವನು ಅಟ್ಟಿಸಿಕೊಂಡು ಹೋಗಿ, ಸುಸ್ತಾಗಿ, ಬರಿಗೈಯಲ್ಲಿ ವಾಪಸು ಬರುತ್ತಿದ್ದ. ಮರಿ ಅಟ್ಟಿಸಿಕೊಂಡು ಹೋಗುವುದು ತಪ್ಪಲ್ಲ, ಬೇಟೆಯ ಆಸೆ ಹುಟ್ಟಬೇಕಾದರೆ ಸ್ವಲ್ಪ ಓಡಲೇಬೇಕು. ಆದರೆ ಹಾರಿದ ಹಕ್ಕಿಯನ್ನು ತಾನು ಎಂದೂ ಹಿಡಿಯಲಾರೆ ಅಂತ ಅದಕ್ಕೆ ತಾನಾಗೇ ಗೊತ್ತಾಗಬೇಕು. ಆಗ ನಿಲ್ಲಲು ಶುರು ಮಾಡುತ್ತದೆ. ಮೊಲವನ್ನು ಓಡಿ ಹಿಡಿಯಬಲ್ಲ ಮುಧೋಳಕ್ಕೆ ಈ ಪಾಠ ಬೇಕಿಲ್ಲ. ಶಾರ್ಟ್‌ಹೇರ್‌ಗೆ ಬೇಕೇ ಬೇಕು. ಆ ರೈತರು ಕೋವಿ ಇಳಿಸಿದ್ದು ಇದಕ್ಕೇ. ನಾಲ್ಕು ಹೆಜ್ಜೆಗೂ ಸಂಬಳ ಇಲ್ಲ, ಮುದಿ ನಾಯಿಗೂ ಇಲ್ಲ.

ಇನ್ನೊಂದು ಮಾತು. ಅವತ್ತು ಕೆಂಚ ಬದುಕಿ ಮನೆಗೆ ಬಂದದ್ದು ನನ್ನ ಅದೃಷ್ಟ. ತಗ್ಗಿನಲ್ಲಿ ಹಾರುವ ಹಕ್ಕಿ, ಅದರ ಹಿಂದೆಯೇ ಎಗರುವ ನಾಯಿ, ಮತ್ತು ಹಕ್ಕಿಯನ್ನು ಬಿಟ್ಟು ಬೇರೇನೂ ಕಾಣದ ಹೊಸ ಬೇಟೆಗಾರ. ನಾಯಿಗಳು ಸಾಯುವುದು ಹೀಗೇ. ಹಕ್ಕಿಯ ಕೆಳಗೆ ಆಕಾಶ ಕಂಡರೆ ಮಾತ್ರ ಹೊಡೆಯಬೇಕು. ನಿಮಗಾಗಿ ಹೊಡೆಯುವವರಿಗೆ ಇದನ್ನು ಬಾಯಿಬಿಟ್ಟು ಹೇಳಿ, ಎಷ್ಟೇ ಅನುಭವ ಇರಲಿ.

ಆ ಸೀಸನ್ ಅಲ್ಲಿಗೆ ಮುಗಿಯಿತು. ಚಳಿಗಾಲ ಪೂರ್ತಿ, ಆಮೇಲೆ ವಸಂತ ಪೂರ್ತಿ, ಪಾರಿವಾಳಗಳ ಜೊತೆ ಕಳೆಯಿತು. ಲಾಂಚರ್ ಅಂತ ಸ್ಪ್ರಿಂಗ್ ಇರುವ ಒಂದು ಪೆಟ್ಟಿಗೆ ಬರುತ್ತದೆ. ಅದರಲ್ಲಿ ಪಾರಿವಾಳ ಇಟ್ಟು ಹುಲ್ಲಲ್ಲಿ ಬಚ್ಚಿಡಬೇಕು. ರಿಮೋಟ್ ಒತ್ತಿದರೆ ಹಕ್ಕಿ ಮೇಲಕ್ಕೆ ಚಿಮ್ಮಿ ಹಾರುತ್ತದೆ. ಕೆಂಚನ ಕೊರಳಿಗೆ ಮೂವತ್ತು ಅಡಿಯ ಹಗ್ಗ. ಅವನು ವಾಸನೆ ಹಿಡಿದ ಮೇಲೆ ಒಂದು ಹೆಜ್ಜೆ ಇಟ್ಟರೂ ಪಾರಿವಾಳ ಹಾರಿಹೋಗುತ್ತಿತ್ತು. ಬೈಗುಳ ಇಲ್ಲ, ಹೊಡೆತ ಇಲ್ಲ, ಹಕ್ಕಿಯೂ ಇಲ್ಲ. ನಿಂತಲ್ಲೇ ನಿಂತು, ಹಕ್ಕಿ ಹಾರಿದಾಗಲೂ ಕದಲದೆ ಇದ್ದರೆ ಮಾತ್ರ ಒಂದು ಹಕ್ಕಿ ಬೀಳುತ್ತಿತ್ತು. ಒಂದು ದಿನದಲ್ಲಿ ಕೆಡಿಸಿದ್ದನ್ನು ಸರಿ ಮಾಡಲು ಇಷ್ಟು ತಿಂಗಳು ಹಿಡಿಯಿತು. ಈಗ ಅವನು ಒಳ್ಳೆಯ ನಾಯಿ. ಆದರೂ ಹುಂಜ ತೀರಾ ಹತ್ತಿರದಲ್ಲಿ ಎದ್ದರೆ ಅವನ ಹಿಂಗಾಲು ನಡುಗುತ್ತದೆ. ಆ ಹಳೆಯ ಪಾಠ ಪೂರ್ತಿ ಅಳಿಸಿಲ್ಲ.

ಎಲೆಕ್ಟ್ರಿಕ್ ಕಾಲರ್ ಹಾಕಿ ಒಂದು ಶಾಕ್ ಕೊಟ್ಟರೆ ಸಾಕಲ್ವಾ ಅಂತ ಯಾರಾದರೂ ಹೇಳುತ್ತಾರೆ. ಕೇಳಬೇಡಿ. ಹಕ್ಕಿಯ ಹತ್ತಿರ ನೋವಾದರೆ ಎಳೆಯ ನಾಯಿ ಹಕ್ಕಿಯೇ ಕಚ್ಚಿತು ಅಂದುಕೊಳ್ಳುತ್ತದೆ. ಆಮೇಲೆ ವಾಸನೆ ಸಿಕ್ಕರೂ ಸಿಗದಂತೆ ಪಕ್ಕಕ್ಕೆ ಸರಿದು ಹೋಗುತ್ತದೆ. ಅದನ್ನು ತಿದ್ದುವುದು ಜಿಗಿಯುವ ನಾಯಿಯನ್ನು ತಿದ್ದುವುದಕ್ಕಿಂತ ಕಷ್ಟ.

ಈಗ ನಿಮ್ಮ ಸದ್ದಿನ ಚಿಂತೆ. 28 ಆಗಲಿ 20 ಆಗಲಿ, ಎಲ್ಲ ಶಾಟ್‌ಗನ್ನುಗಳ ಸದ್ದೂ 140 ಡೆಸಿಬಲ್ ದಾಟುತ್ತದೆ. ಮರಿಯ ಕಿವಿಗೆ ಅವುಗಳ ನಡುವೆ ದೊಡ್ಡ ವ್ಯತ್ಯಾಸ ಏನಿಲ್ಲ. ಸದ್ದು ಎಷ್ಟು ದೂರದಿಂದ ಬಂತು, ಆಗ ಮರಿಯ ಮನಸ್ಸು ಎಲ್ಲಿತ್ತು, ಇವೆರಡೇ ಮುಖ್ಯ. ಮರಿ ಹಾರುವ ಪಾರಿವಾಳದ ಹಿಂದೆ ಓಡುತ್ತಿರುವಾಗ ತುಂಬಾ ದೂರದಿಂದ ಯಾರಾದರೂ ಗುಂಡಿಲ್ಲದೆ ಸದ್ದು ಮಾತ್ರ ಮಾಡುವ ಸಣ್ಣ ಬ್ಲ್ಯಾಂಕ್ ಪಿಸ್ತೂಲು ಹೊಡೆಯಲಿ. ಅದು ಕಿವಿಯನ್ನೂ ತಿರುಗಿಸದಿದ್ದರೆ, ದಿನಗಳು ಕಳೆದಂತೆ ಸ್ವಲ್ಪಸ್ವಲ್ಪವೇ ಹತ್ತಿರ ಬನ್ನಿ. ತಿರುಗಿ ನೋಡಿದರೆ ಅವತ್ತಿಗೆ ನಿಲ್ಲಿಸಿ. ಹಕ್ಕಿಯೇ ಇಲ್ಲದೆ, ಹೆದರುತ್ತದಾ ನೋಡೋಣ ಅಂತ ಸುಮ್ನೆ ಪಕ್ಕದಲ್ಲಿ ಕೋವಿ ಸಿಡಿಸುವುದು ಪರೀಕ್ಷೆ ಅಲ್ಲ, ಮೂರ್ಖತನ. ಅಮೆರಿಕದ ಸ್ವಾತಂತ್ರ್ಯ ದಿನವಾದ ಜುಲೈ 4ರ ರಾತ್ರಿ, ದೀಪಾವಳಿ ಪಾರ್ಟಿ, ಎರಡರಲ್ಲೂ ಮರಿಯನ್ನು ಪಟಾಕಿಯಿಂದ ದೂರ ಇಡಿ. ಈ ಕೆಲಸ ನವೆಂಬರ್ ಒಳಗೆ ಮುಗಿಯದಿದ್ದರೆ ನವೆಂಬರ್ ಬಿಟ್ಟುಬಿಡಿ.

ಫೆಸೆಂಟ್‌ನಿಂದ ಶುರು ಮಾಡುವುದು ಕೂಡ ನನಗೆ ಒಪ್ಪಿಗೆ ಇಲ್ಲ. ಕಾಡು ಹುಂಜ ಕೂರುವುದಿಲ್ಲ, ಓಡುತ್ತದೆ. ಮರಿ ನಿಂತು ನೋಡುವಷ್ಟರಲ್ಲಿ ಹಕ್ಕಿ ಇನ್ನೊಂದು ಸಾಲಿನಲ್ಲಿರುತ್ತದೆ. ಮರಿ ತೆವಳುತ್ತಾ ಹಿಂದೆ ಹೋಗಲು ಕಲಿಯುತ್ತದೆ. ಬಾಬ್‌ವೈಟ್ ಲಾವಕ್ಕಿ ಹುಲ್ಲಲ್ಲಿ ಗಟ್ಟಿಯಾಗಿ ಕೂರುತ್ತದೆ, ಮೊದಲ ಪಾಠಕ್ಕೆ ಅದೇ ಸರಿ. ಇಲ್ಲಿ ಸಾಕಿದ ಹಕ್ಕಿಗಳನ್ನು ಬಿಟ್ಟು ಬೇಟೆಯಾಡಿಸುವ ಖಾಸಗಿ ಜಾಗಗಳಿವೆ. ರಾಜ್ಯದ ಫೆಸೆಂಟ್ ಸೀಸನ್ ನವೆಂಬರ್ ಎರಡನೇ ಶನಿವಾರ ಶುರುವಾಗಿ ಜನವರಿ 31ಕ್ಕೆ ಮುಗಿಯುತ್ತದೆ. ಇಂಥ ಜಾಗಗಳು ಮಾತ್ರ ಸೆಪ್ಟೆಂಬರ್ 1ರಿಂದ ಮಾರ್ಚ್ 31ರವರೆಗೆ ತೆರೆದಿರುತ್ತವೆ. ಹೋಗುವ ಮೊದಲು ಒಂದೇ ಒಂದು ವಿಷಯ ಕೇಳಿ: ಹಕ್ಕಿಗಳು ಚೆನ್ನಾಗಿ ಹಾರುತ್ತವೆಯೇ? ರೆಕ್ಕೆ ಒದ್ದೆಯಾದ, ಹಾರಲಾರದ ಹಕ್ಕಿಯನ್ನು ಮರಿ ನೆಲದಲ್ಲೇ ಹಿಡಿದುಬಿಟ್ಟರೆ ನನ್ನ ಕಥೆಯೇ ನಿಮ್ಮದೂ ಆಗುತ್ತದೆ.

ಸೀಸನ್ನಿನ ಮೊದಲ ದಿನ ಹತ್ತು ಜನ ಸಾಲಾಗಿ ನಡೆಯುವ ಬೇಟೆಗೆ ಯಾರಾದರೂ ಕರೆದರೆ ಬೇಕಾದರೆ ನೀವು ಹೋಗಿ, ಮರಿ ಮನೆಯಲ್ಲೇ ಇರಲಿ. ಅಲ್ಲಿ ಯಾರೂ ನಿಮ್ಮ ನಾಯಿಗಾಗಿ ಕೋವಿ ಇಳಿಸುವುದಿಲ್ಲ. ನಿಮಗೆ ಬೇಕಾದದ್ದು ಒಬ್ಬನೇ ಒಬ್ಬ ಗೆಳೆಯ. ನಾಯಿ ಕದಲಿದರೆ ಹೊಡೆಯಬೇಡ ಅಂದರೆ ನಿಜವಾಗಿಯೂ ಹೊಡೆಯದೆ ಇರುವವನು. ಹೊಡೆತ ತಪ್ಪಿದರೂ ಪರವಾಗಿಲ್ಲ. ಹಗ್ಗ ನಿಮ್ಮ ಕೈಯಲ್ಲಿರಲಿ, ಕಣ್ಣು ಮರಿಯ ಮೇಲಿರಲಿ. ಕೋವಿ ಕೈಯಲ್ಲಿದ್ದರೆ ಇದು ಆಗುವುದಿಲ್ಲ. ಹುಂಜ ಎದ್ದಾಗ ಎಲ್ಲರ ಕಣ್ಣೂ ಹುಂಜದ ಮೇಲೇ ಹೋಗುತ್ತದೆ, ನನ್ನದೂ ಹೋಯಿತು. ಒಂದೆರಡು ಹಕ್ಕಿ ಚೆನ್ನಾಗಿ ಆದ ಕೂಡಲೇ, ಮರಿಗೆ ಇನ್ನೂ ಬೇಕು ಅನ್ನಿಸುತ್ತಿರುವಾಗಲೇ, ಗಾಡಿ ಹತ್ತಿಸಿ.

ಬೇಟೆ ಯಾಕೆ ಅಂತ ಊರಿನವರು ಕೇಳಿದರೆ ಏನು ಹೇಳಲಿ ಅಂತಲೂ ಬರೆದಿದ್ದೀರಿ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಬೇಟೆ ಅಪರಾಧ, ಅದು ಹಾಗೇ ಇರಲಿ. ಇಲ್ಲಿ 1937ರ ಕಾನೂನಿನ ಪ್ರಕಾರ ಕೋವಿ, ತೋಟಾಗಳ ಮೇಲಿನ ತೆರಿಗೆ ವನ್ಯಜೀವಿಗಳಿಗೆ ಹೋಗುತ್ತದೆ. ನಾನು ತಿನ್ನದ ಹಕ್ಕಿಯನ್ನು ಹೊಡೆಯುವುದಿಲ್ಲ. ಇದು ಒಪ್ಪದವರ ಜೊತೆ ವಾದ ಮಾಡುವುದಿಲ್ಲ.

ಕಾಗದಪತ್ರದ ವಿಷಯ ಬೇಗ ಹೇಳುತ್ತೇನೆ. 1957ರ ಜುಲೈ 1ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಕಾನ್ಸಾಸ್‌ನಲ್ಲಿ ಹಂಟರ್ ಎಜುಕೇಶನ್ ಕೋರ್ಸ್ ಬೇಕು. ದಿನಕ್ಕೆ ನಾಲ್ಕು ಹುಂಜ, ಹೇಂಟೆ ಹೊಡೆಯುವಂತಿಲ್ಲ. ಹುಂಜ ಅಂತ ಗುರುತು ಸಿಗುವಂತೆ ಕಾಲು ಅಥವಾ ಗರಿ ಉಳಿಸಿಕೊಂಡೇ ಗಾಡಿಯಲ್ಲಿ ಒಯ್ಯಬೇಕು. ನೀವು ಎಚ್-1ಬಿ ಅಂದಿರಿ. ಆ ವೀಸಾದವರು ಸಾಮಾನ್ಯವಾಗಿ ಕೋವಿ ಇಟ್ಟುಕೊಳ್ಳುವಂತಿಲ್ಲ. ಬೇಟೆಯ ಲೈಸೆನ್ಸ್ ಇದ್ದವರಿಗೆ ಕೇಂದ್ರ ಕಾನೂನಿನಲ್ಲಿ ವಿನಾಯಿತಿ ಇದೆ, ಆದರೂ ಕೋವಿ ಕೊಳ್ಳುವ ಮೊದಲು ವಕೀಲರನ್ನು ಕೇಳಿ. ಈ ಸೀಸನ್ ನೀವು ಕೋವಿ ಹಿಡಿಯದಿದ್ದರೆ ಆ ತಲೆನೋವೂ ಮುಂದಕ್ಕೆ ಹೋಗುತ್ತದೆ.

ಚೀಲದಲ್ಲಿ ನಾಯಿಗೆ ಜಾಸ್ತಿ ನೀರು, ಒಂದು ಚಿಮಟ, ಒಂದು ಬಾಚಣಿಗೆ ಇರಲಿ. ಪಶ್ಚಿಮ ಕಾನ್ಸಾಸ್‌ನ ಸ್ಯಾಂಡ್‌ಬರ್ ಮುಳ್ಳು ಬೆರಳ ಸಂದಿಗೆ ಹೊಕ್ಕರೆ ನಾಯಿ ಕುಂಟುತ್ತದೆ. ಬೂಟು ಹಾಕುವುದಾದರೆ ಈಗಿನಿಂದಲೇ ಮನೆಯಲ್ಲಿ ಹಾಕಿ ಅಭ್ಯಾಸ ಮಾಡಿಸಿ. ಬಿಸಿಲಿರುವ ದಿನ ಮರಿ ನಾಲಿಗೆ ಅಗಲ ಮಾಡಿ ತೇಕುತ್ತಿದ್ದರೆ ನೆರಳಿಗೆ ಕರೆದೊಯ್ಯಿರಿ, ಹೊಟ್ಟೆಗೆ ನೀರು ಹಾಕಿ, ಅವತ್ತಿನ ಬೇಟೆ ಮುಗಿಸಿ. ಪಾರಿವಾಳ ಮತ್ತು ಲಾಂಚರ್ ಎಲ್ಲಿ ಸಿಗುತ್ತದೆ ಅಂತ ತಿಳಿಯಬೇಕಿದ್ದರೆ ಕೆಳಗೆ ಕೇಳಿ, ನನಗೆ ಗೊತ್ತಿರುವ ಜಾಗ ಹೇಳುತ್ತೇನೆ.