‘ವಂಕಿ ಹಾಕಿಸ್ಕೊಂಡ್ರೆ ಬೇಡ ಅನ್ನೋಕೆ ನಂಗೇನ್ ಉಳಿಯುತ್ತೆ?’

ಅಬಾರ್ಷನ್ ಆದ ಮೇಲೆ ವಂಕಿ (ಬಸಿರಾಗದ ಹಾಗೆ ಗರ್ಭಕೋಶದೊಳಗೆ ಇಡುವ ಕಾಪರ್-ಟಿ) ಬೇಡ, ಇಂಜೆಕ್ಷನ್ ಬೇಡ, ಮಾತ್ರೆಯೂ ಬೇಡ ಅನ್ನುವ ಹೆಂಗಸರನ್ನು ಆಸ್ಪತ್ರೆಯವರು ನನ್ನ ಹತ್ತಿರ ಕಳಿಸುತ್ತಾರೆ. ಜೊತೆಗೆ ಒಂದೇ ಮಾತು: ‘ಸ್ವಲ್ಪ ಒಪ್ಪಿಸಿ ಮೇಡಂ.’ ಒಪ್ಪಿಸುವುದೇ ಆಪ್ತಸಲಹೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ, ಅವರ ಒಪ್ಪಿಗೆಯೂ ಇದೆ.

ಅವರನ್ನು ಸುಮಾ ಅನ್ನೋಣ. ಮೂವತ್ತರ ಆಸುಪಾಸು, ಎರಡು ಮಕ್ಕಳು, ಗಂಡನದು ಸಣ್ಣ ಅಂಗಡಿ. ಮೂರನೆಯ ಸಲ ಬಸಿರಾದಾಗ ಇಬ್ಬರೂ ಮಾತಾಡಿಕೊಂಡೇ ತೆಗೆಸಿದ್ದರು. ಆಮೇಲೆ ನಿದ್ದೆ ಹೋಯಿತು. ಮಕ್ಕಳ ಮೇಲೆ ರೇಗಾಟ, ಒಲೆ ಮುಂದೆ ನಿಂತಲ್ಲೇ ಅಳು. ಅತ್ತೆ ‘ಪಾಪ ಸುತ್ಕೊಂಡಿದೆ’ ಅಂದರು. ನರ್ಸ್ ‘ಬರೀ ಹಟ’ ಅಂದರು.

ಪಾಪದ ಮಾತು ಮೊದಲು ಮುಗಿಸುತ್ತೇನೆ. ಅಬಾರ್ಷನ್ನೇ ಮನಸ್ಸಿನ ಕಾಯಿಲೆ ತರುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ಅಮೆರಿಕದಲ್ಲಿ ಸುಮಾರು 1,000 ಹೆಂಗಸರನ್ನು 5 ವರ್ಷ ಗಮನಿಸಿದ ಅಧ್ಯಯನದಲ್ಲಿ, ಅಬಾರ್ಷನ್ ಸಿಕ್ಕವರ ಮನಸ್ಸು ಅದು ಸಿಗದೆ ವಾಪಸ್ ಹೋದವರಿಗಿಂತ ಕೆಟ್ಟಿರಲಿಲ್ಲ. 2011ರಲ್ಲಿ ಬ್ರಿಟನ್ನಿನ ವೈದ್ಯರು ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟಿಗೆ ನೋಡಿದಾಗ ಸಿಕ್ಕ ದೊಡ್ಡ ಸುಳಿವು ಬೇರೆಯೇ: ಮೊದಲೇ ಖಿನ್ನತೆಯಂಥ ತೊಂದರೆ ಇದ್ದವರಿಗೆ ಆಮೇಲೂ ಅದು ಬರುವ ಸಾಧ್ಯತೆ ಜಾಸ್ತಿ. ಸುಮಾ ಅವರನ್ನು ಕೇಳಿದೆ. ಎರಡನೆಯ ಹೆರಿಗೆ ಆದ ಮೇಲೂ ತಿಂಗಳುಗಟ್ಟಲೆ ಹೀಗೇ ಅತ್ತಿದ್ದರಂತೆ. ‘ಬಾಣಂತಿ ಸೊಕ್ಕು’ ಅಂತ ಮನೆಯವರು ಬಿಟ್ಟಿದ್ದರು. ಮನೋವೈದ್ಯರ ಹತ್ತಿರ ಕಳಿಸಿದೆ, ಔಷಧಿ ಶುರುವಾಯಿತು.

ಆದರೂ ವಂಕಿ ಮಾತು ಬಂದ ಕೂಡಲೇ ಮುಖ ಬಿಗಿಯುತ್ತಿತ್ತು. ಒಂದು ದಿನ ಅತ್ತೆಯನ್ನೂ ಗಂಡನನ್ನೂ ಟೀ ಕುಡಿದು ಬನ್ನಿ ಅಂತ ಹೊರಗೆ ಕಳಿಸಿದೆ. ನಾನು ವಿವರಿಸುವ ಮೊದಲೇ ಅವರೇ ಹೇಳತೊಡಗಿದರು. ಕಾಪರ್-ಟಿ 380ಎ ಹತ್ತು ವರ್ಷ ಬರುತ್ತೆ, ‘ಅಂತರ’ ಇಂಜೆಕ್ಷನ್ ಮೂರು ತಿಂಗಳಿಗೊಂದು, ‘ಛಾಯಾ’ ಮಾತ್ರೆ ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ಆಶಾ ಕಾರ್ಯಕರ್ತೆ ಎಲ್ಲ ಹೇಳಿದ್ದರು. ಗೊತ್ತಿಲ್ಲ ಅನ್ನುವ ಸಮಸ್ಯೆಯೇ ಅಲ್ಲಿರಲಿಲ್ಲ. ‘ಹಾಕಿಸಿಕೊಂಡರೆ ಮನೆಯಲ್ಲಿ ಏನು ಬದಲಾಗುತ್ತೆ?’ ಅಂತ ಕೇಳಿದೆ. ಬಹಳ ಹೊತ್ತು ಸೆರಗಿನ ತುದಿ ಸುತ್ತುತ್ತಾ ಕೂತಿದ್ದರು.

‘ಈಗ ಹತ್ರ ಬಂದ್ರೆ, ಮತ್ತೆ ಬಸಿರಾದ್ರೆ ಏನ್ ಗತಿ ಅಂತೀನಿ. ಅವ್ರು ಸುಮ್ನೆ ಆ ಕಡೆ ತಿರುಗಿ ಮಲಗ್ತಾರೆ. ವಂಕಿ ಹಾಕಿಸ್ಕೊಂಡ್ರೆ ಬೇಡ ಅನ್ನೋಕೆ ನಂಗೇನ್ ಉಳಿಯುತ್ತೆ ಮೇಡಂ?’

ಇದನ್ನು ಹಟ ಅಂತ ಬರೆದುಕೊಂಡಿದ್ದರು! ಅವರ ಕೈಯಲ್ಲಿ ಉಳಿದಿದ್ದ ಒಂದೇ ನೆಪ ಅದು. ಅದನ್ನೂ ಕಿತ್ತುಕೊಳ್ಳಲು ನಾವೆಲ್ಲ ಸೇರಿ ನಿಂತಿದ್ದೆವು.

ಬಲವಂತ ಮಾಡುತ್ತಾರಾ, ಹೊಡೆಯುತ್ತಾರಾ ಅಂತ ನೇರವಾಗಿ ಕೇಳಿದೆ. ಇಲ್ಲ, ಮುಖ ಊದಿಸಿಕೊಂಡು ನಾಲ್ಕು ದಿನ ಮಾತು ಬಿಡುತ್ತಾರೆ ಅಂದರು. ಹೌದು ಅಂದಿದ್ದರೆ ನನ್ನ ದಾರಿಯೇ ಬೇರೆ ಇರುತ್ತಿತ್ತು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಲೈಂಗಿಕ ದೌರ್ಜನ್ಯವೂ ಸೇರಿದೆ, 181 ಮಹಿಳಾ ಸಹಾಯವಾಣಿ ಇದೆ. ಅಂಥ ಮನೆಯ ಗಂಡನನ್ನು ಕರೆದು ಜೊತೆಗೆ ಕೂರಿಸಬಾರದು, ರಾತ್ರಿ ಪೆಟ್ಟು ತಿನ್ನುವವಳು ಹೆಂಡತಿ.

ನಾನು ಕೊಟ್ಟ ಸಲಹೆ ಇಷ್ಟು. ಬೇಡ ಅನ್ನಲು ಬಸಿರಿನ ಭಯ ಬೇಕಿಲ್ಲ, ‘ಇವತ್ತು ಮನಸ್ಸಿಲ್ಲ’ ಸಾಕು. ಆದರೆ ಆ ಭಯವನ್ನೇ ಕಾವಲಿಗೆ ಇಟ್ಟುಕೊಂಡರೆ ಒಂದು ರಾತ್ರಿ ಕಾವಲು ತಪ್ಪುತ್ತದೆ. ಅಬಾರ್ಷನ್ ಆದ ಎರಡು ವಾರದೊಳಗೇ, ಮುಂದಿನ ಮುಟ್ಟು ಬರುವ ಮೊದಲೇ, ಮತ್ತೆ ಬಸಿರಾಗಬಹುದು. ಹಾಗಾಗಿ ಮನಸ್ಸು ಸರಿಯಾಗಲಿ, ಆಮೇಲೆ ನೋಡೋಣ ಅಂತ ನಾನು ಹೇಳಲಿಲ್ಲ. ಯಾವುದು ಬೇಕು ಅಂತ ನೀವೇ ತೀರ್ಮಾನ ಮಾಡಿ, ಅಲ್ಲಿಯವರೆಗೆ ನಿರೋಧ್ ತರುವುದೂ ಬಳಸುವುದೂ ನಿಮ್ಮ ಯಜಮಾನರ ಜವಾಬ್ದಾರಿ ಅಂದೆ.

ಅವರು ಹೂಂ ಅಂದ ಮೇಲೆ, ಎಷ್ಟು ಹೇಳಬಹುದು ಅಂತ ಕೇಳಿಕೊಂಡು ಗಂಡನನ್ನು ಕರೆದೆ. ಆ ಮನುಷ್ಯ ಗಾಬರಿಯಾದರು. ‘ಡಾಕ್ಟ್ರು ಎಲ್ಲ ಕ್ಲೀನ್ ಆಗಿದೆ, ಇನ್ನೇನೂ ತೊಂದ್ರೆ ಇಲ್ಲ ಅಂದ್ರಲ್ಲ?’ ಗರ್ಭಕೋಶದ ಬಗ್ಗೆ ಹೇಳಿದ್ದನ್ನು ಇವರು ಹೆಂಡತಿಗೆಲ್ಲ ಅನ್ವಯಿಸಿಕೊಂಡಿದ್ದರು. ಸುಳ್ಳು ಹೇಳುತ್ತಿದ್ದಾರೆ ಅಂತ ನನಗೆ ಅನಿಸಲಿಲ್ಲ.

ಇದಕ್ಕೆ ಬೈಗುಳವೂ ಬಿತ್ತು. ‘ಬರಿಗೈಯಲ್ಲಿ ಕಳಿಸಿದ್ರಿ, ಮತ್ತೆ ಹೊಟ್ಟೆ ಹೊತ್ಕೊಂಡು ಬಂದ್ರೆ ಯಾರು ಹೊಣೆ?’ ಅಂತ ಒಬ್ಬ ಸಿಬ್ಬಂದಿ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಆದರೆ ಮನಸ್ಸಿಲ್ಲದವರಿಗೆ ಹಾಕಿದ ವಂಕಿ ಬಹಳ ದಿನ ನಿಲ್ಲುವುದಿಲ್ಲ, ಇನ್ನೊಂದು ಆಸ್ಪತ್ರೆಯಲ್ಲಿ ತೆಗೆಸಿಬಿಡುತ್ತಾರೆ, ನಮ್ಮ ರಿಜಿಸ್ಟರ್‌ನಲ್ಲಿ ಮಾತ್ರ ಅದು ಒಳಗೇ ಇರುತ್ತದೆ. 1971ರ ಕಾಯ್ದೆಯ ಪ್ರಕಾರ ಅಬಾರ್ಷನ್‌ಗೆ ವಯಸ್ಕ ಹೆಂಗಸಿನ ಒಪ್ಪಿಗೆ ಸಾಕು, ಗಂಡನ ಸಹಿಯೂ ಬೇಡ. ವಂಕಿ ಹಾಕಿಸಿಕೊಳ್ಳಲೇಬೇಕು ಅನ್ನುವ ಷರತ್ತು ಅದರಲ್ಲಿ ಎಲ್ಲೂ ಇಲ್ಲ. ಹೊಣೆ ಅಂದರಲ್ಲ, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮಕ್ಕಳಾಗದ ಹಾಗೆ ಹೆಂಡತಿ ಆಪರೇಷನ್ ಮಾಡಿಸಿಕೊಂಡ ದಂಪತಿ ಶೇ. 37.9, ಗಂಡ ಮಾಡಿಸಿಕೊಂಡವರು ಶೇ. 0.3. ಟೀ ಕುಡಿಯಲು ಹೋಗಿದ್ದವರನ್ನು ಯಾರೂ ಏನೂ ಕೇಳಿರಲಿಲ್ಲ, ಅಲ್ವಾ?

ಮುಂದಿನ ಮುಟ್ಟಿನ ಮೊದಲ ದಿನ ಸುಮಾ ಛಾಯಾ ಶುರು ಮಾಡಿದರು. ಖಿನ್ನತೆ ಇದ್ದವರು ಬಸಿರು ತಡೆಯುವ ಬೇರೆ ಮಾತ್ರೆ, ಇಂಜೆಕ್ಷನ್ ತೆಗೆದುಕೊಳ್ಳಬಾರದು ಅಂತೇನಿಲ್ಲ, ಅದನ್ನೂ ಹೇಳಿದ್ದೆ. ಬೇಕೆಂದಾಗ ತಾನೇ ನಿಲ್ಲಿಸಬಹುದು ಅನ್ನುವುದು ಅವರಿಗೆ ಹಿಡಿಸಿತು. ನಿದ್ದೆ ಸುಧಾರಿಸಿದೆ. ಗಂಡ ಈಗಲೂ ಆಗಾಗ ಮುಖ ಊದಿಸಿಕೊಳ್ಳುತ್ತಾರಂತೆ, ಅದರ ಕೆಲಸ ಇನ್ನೂ ನಡೆದಿದೆ.

ಇಂಥ ಹೆಂಗಸರು ಸಿಕ್ಕಾಗ ಒಬ್ಬರನ್ನೇ ಕೂರಿಸಿ ಕೇಳಿ, ಅತ್ತೆ ಪಕ್ಕದಲ್ಲಿದ್ದರೆ ಉತ್ತರ ಅತ್ತೆಯದೇ ಇರುತ್ತದೆ. ಎರಡು ವಾರ ದಾಟಿದರೂ ನಿದ್ದೆ, ಊಟ ಸರಿ ಹೋಗದಿದ್ದರೆ ಮನೋವೈದ್ಯರಿಗೆ ತೋರಿಸಿ. ಬದುಕೇ ಬೇಡ ಅನ್ನುವ ಮಾತು ಬಂದರೆ ಅವತ್ತೇ ಕರೆದುಕೊಂಡು ಹೋಗಿ. ಹೊರಗೆ ಬರಲಾಗದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಬಹುದು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.